ಕಾರಿನಲ್ಲಿ ಹೊಸ ಸದ್ದು: ಯಾವುದಕ್ಕೆ ತಕ್ಷಣ ನಿಲ್ಲಿಸಬೇಕು, ಯಾವುದು ಎರಡು ದಿನ ತಡೆಯುತ್ತೆ?

ಮುಂಜಾವು

ಎಲ್ಲರಿಗೂ ನಮಸ್ಕಾರ. ನನ್ನ ಕಾರಿಗೆ ಏಳು ವರ್ಷ, 82,000 ಕಿ.ಮೀ. ಓಡಿದೆ. ಪೆಟ್ರೋಲ್ ಗಾಡಿ, ಮ್ಯಾನ್ಯುಯಲ್ ಗೇರ್. ನಾಲ್ಕು ದಿನದಿಂದ ಒಂದು ಹೊಸ ಸದ್ದು ಬರುತ್ತಿದೆ. "ಹೂಂ..." ಅಂತ, ದೂರದಲ್ಲಿ ವಿಮಾನ ಹೋದ ಹಾಗೆ. ವೇಗ 40 ದಾಟಿದರೆ ಶುರು. 60ರಿಂದ 70ರಲ್ಲಿ ಚೆನ್ನಾಗಿ ಕೇಳಿಸುತ್ತದೆ. ನಿಧಾನ ಮಾಡಿದರೆ ಇಲ್ಲವೇ ಇಲ್ಲ.

ಗ್ಯಾರೇಜಿಗೆ ತೋರಿಸಿದೆ. ಗಾಡಿ ನಿಂತಲ್ಲೇ ಎಂಜಿನ್ ಏರಿಸಿ ಕೇಳಿ, "ಏನೂ ಇಲ್ಲ ಮೇಡಂ, ಟೈರ್ ಸದ್ದು" ಅಂದರು. ಮನೆಯಲ್ಲೂ ಅದೇ ಮಾತು. ಆದರೆ ಏಳು ವರ್ಷ ಇದೇ ಗಾಡಿ ಓಡಿಸಿದ್ದೇನೆ, ಈ ಸದ್ದು ಮೊದಲು ಇರಲಿಲ್ಲ. ವಾರಕ್ಕೆ ಎರಡು ಸಲ ಅಮ್ಮನನ್ನು ಚಿಕಿತ್ಸೆಗೆ ಕರೆದುಕೊಂಡು ಹೋಗಬೇಕು. ದಾರಿಯಲ್ಲಿ ಕೈಕೊಟ್ಟರೆ ಅವರನ್ನು ಇಳಿಸಿ ನಡೆಸೋಕೂ ಆಗಲ್ಲ.

ಇದನ್ನು ಪತ್ತೆ ಮಾಡೋದು ಹೇಗೆ? ಇನ್ನೊಂದು ಪ್ರಶ್ನೆ: ಎಂಥ ಸದ್ದು ಬಂದರೆ ಅಲ್ಲೇ ನಿಲ್ಲಿಸಬೇಕು? ತಿಳಿದವರು ಹೇಳಿ.

ಹಳೇ ಸ್ಪ್ಯಾನರ್

ತಂಗಿ, ಒಳ್ಳೆ ಕೆಲಸ ಮಾಡಿದಿರಿ. ದಿನಾ ಓಡಿಸುವವರ ಕಿವಿಗಿಂತ ದೊಡ್ಡ ಉಪಕರಣ ಇಲ್ಲ. ನಾನು ಈ ಕೆಲಸದಲ್ಲಿ 26 ವರ್ಷದಿಂದ ಇದ್ದೇನೆ. "ಮೊದಲು ಇರಲಿಲ್ಲ" ಅಂತ ಮಾಲೀಕರು ಹೇಳಿದರೆ ನಾನು ಅದನ್ನು ನಂಬಿಯೇ ಕೆಲಸ ಶುರು ಮಾಡೋದು.

ಬಹಳ ಜನ ಬಂದು "ಎಂಥದೋ ಸದ್ದು ಬರುತ್ತೆ" ಅಂತಾರೆ. ಆಮೇಲೆ ಬಾಯಲ್ಲಿ ಮಾಡಿ ತೋರಿಸುತ್ತಾರೆ. ಅದೂ ಬೇಕು. ಆದರೆ ನನಗೆ ಅದಕ್ಕಿಂತ ಮುಖ್ಯ, ಸದ್ದು *ಯಾವಾಗ* ಬರುತ್ತೆ ಅನ್ನೋದು. ಬ್ರೇಕ್ ತುಳಿದಾಗಲಾ? ಸ್ಟೇರಿಂಗ್ ತಿರುಗಿಸಿದಾಗಲಾ? ಗುಂಡಿಯಲ್ಲಿ ಇಳಿದಾಗಲಾ? ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರವಾ? ಎಂಜಿನ್ ಏರಿಸಿದರೆ ಏರುತ್ತಾ, ಅಥವಾ ಗಾಡಿಯ ವೇಗ ಏರಿದರೆ ಏರುತ್ತಾ? ಈ ಕೊನೆಯದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನೀವು ಹೇಳಿದ್ದು ಗಾಡಿ ಓಡುವಾಗ ಬರುವ ಸದ್ದು. ನಿಂತ ಗಾಡಿಯ ಎಂಜಿನ್ ಏರಿಸಿ ಅದನ್ನು ಹುಡುಕಿದರೆ ಸಿಗೋದೇ ಇಲ್ಲ. ಅವರು ನಿಮ್ಮ ಜೊತೆ ಕೂತು ಎರಡು ಕಿಲೋಮೀಟರ್ ಹೋಗಿ ಬರಬೇಕಿತ್ತು.

ಒಂದು ಸಣ್ಣ ಪರೀಕ್ಷೆ ಮಾಡಿ. ಹಿಂದೆ ಮುಂದೆ ವಾಹನ ಇಲ್ಲದ ನೇರ ರಸ್ತೆ ಇರಲಿ. ಸದ್ದು ಬರುವ ವೇಗಕ್ಕೆ ಹೋಗಿ, ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಡಿ. ಎಂಜಿನ್ ಐಡಲ್‌ಗೆ ಇಳಿಯುತ್ತದೆ, ಗಾಡಿ ಉರುಳುತ್ತಾ ಇರುತ್ತದೆ. ಸದ್ದು ಎಂಜಿನ್ ಜೊತೆ ಇಳಿದರೆ ಅದು ಎಂಜಿನ್ ಕಡೆಯದು. ಹಾಗೇ ಮುಂದುವರಿದು, ಗಾಡಿ ನಿಧಾನ ಆದ ಹಾಗೆ ಮಾತ್ರ ಕಮ್ಮಿ ಆದರೆ ಚಕ್ರದ ಕಡೆಯದು. ಕೆಲವು ಸೆಕೆಂಡ್ ಸಾಕು, ಆಮೇಲೆ ಗೇರ್ ಹಾಕಿಬಿಡಿ. ಇಳಿಜಾರಿನಲ್ಲಿ ಬೇಡ. ಓಡುವಾಗ ಎಂಜಿನ್ ಆಫ್ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಬ್ರೇಕ್ ಮತ್ತು ಸ್ಟೇರಿಂಗ್ ಎರಡಕ್ಕೂ ಸಹಾಯ ಹೋಗಿ ಗಟ್ಟಿಯಾಗುತ್ತವೆ. ಕೀ ಪೂರ್ತಿ ತಿರುಗಿಸಿ ತೆಗೆದರೆ ಸ್ಟೇರಿಂಗ್ ಲಾಕ್ ಆಗಬಹುದು.

ನಾಲ್ಕು ಚಕ್ರ

ಅಣ್ಣ ಹೇಳಿದ್ದು ಸರಿ. ಆದರೂ ಟೈರ್ ಅನ್ನೋದನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ನನ್ನ ಗಾಡಿಯಲ್ಲಿ ಥೇಟ್ ಇದೇ "ಹೂಂ" ಇತ್ತು. ಬೇರಿಂಗ್ (ಚಕ್ರ ಸರಾಗವಾಗಿ ತಿರುಗಲು ಒಳಗಿರುವ ಗುಂಡುಗಳ ಬಳೆ) ಅಂತ ಬದಲಾಯಿಸಿದರು, ಸದ್ದು ಹೋಗಲಿಲ್ಲ. ಕೊನೆಗೆ ನೋಡಿದರೆ ಹಿಂದಿನ ಎರಡು ಟೈರ್ ಅಲೆ ಅಲೆಯಾಗಿ ಸವೆದಿದ್ದವು.

ಅಂಗೈಯನ್ನು ಟೈರ್ ಮೇಲೆ ಸುತ್ತಲೂ ಸವರಿ ನೋಡಿ. ಒಂದು ದಿಕ್ಕಿನಲ್ಲಿ ನುಣುಪು, ವಾಪಸ್ ಸವರಿದಾಗ ಗರಗಸದ ಹಾಗೆ ತಾಗಿದರೆ ಟೈರ್ ಸದ್ದೇ ಇರಬಹುದು. ತಂತಿ ಎದ್ದಿದ್ದರೆ ಕೈ ಕೊಯ್ಯುತ್ತೆ, ಮೊದಲು ಕಣ್ಣಲ್ಲಿ ನೋಡಿಕೊಂಡೇ ಕೈ ಇಡಿ. ಇನ್ನೊಂದು ಗುರುತು: ಟೈರ್ ಸದ್ದು ರಸ್ತೆ ಬದಲಾದರೆ ಬದಲಾಗುತ್ತೆ. ನುಣುಪಾದ ಡಾಂಬರಿನಲ್ಲಿ ಒಂದು ರಾಗ, ಕಾಂಕ್ರೀಟಿನಲ್ಲಿ ಇನ್ನೊಂದು. ಬೇರಿಂಗ್‌ಗೆ ರಸ್ತೆ ಯಾವುದಾದರೂ ಒಂದೇ.

ಮುಂಜಾವು

ಇಬ್ಬರಿಗೂ ಥ್ಯಾಂಕ್ಸ್. ಇವತ್ತು ಸಂಜೆ ನೋಡಿದೆ. ನ್ಯೂಟ್ರಲ್‌ಗೆ ತಂದರೂ ಸದ್ದು ಹಾಗೇ ಇತ್ತು. ಗಾಡಿ ನಿಧಾನ ಆದ ಹಾಗೆ ಕಮ್ಮಿ ಆಯ್ತು. ರಸ್ತೆ ಮೂರು ತರಹದ್ದು ಸಿಕ್ಕಿತು, ಸದ್ದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಟೈರ್ ಸವರಿದೆ, ನಾಲ್ಕೂ ಒಂದೇ ಸಮ ಇವೆ. ಹೋದ ವರ್ಷವೇ ಹಾಕಿಸಿದ್ದು.

ಹಳೇ ಸ್ಪ್ಯಾನರ್

ಹಾಗಾದರೆ ಬೇರಿಂಗ್ ಮೇಲೆ ನನ್ನ ಅನುಮಾನ ಜಾಸ್ತಿ ಆಯ್ತು. ಇನ್ನೊಂದು ಪರೀಕ್ಷೆ ಉಳಿದಿದೆ. ಖಾಲಿ ರಸ್ತೆಯಲ್ಲಿ, ಸದ್ದು ಕೇಳುವ ವೇಗದಲ್ಲಿ, ಉದ್ದನೆಯ ತಿರುವು ಸಿಕ್ಕಿದಾಗ ಗಮನಿಸಿ. ಗಾಡಿ ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಎಡಕ್ಕೆ ತಿರುಗಿದರೆ ಬಲ ಚಕ್ರಗಳ ಮೇಲೆ. ಸವೆದ ಬೇರಿಂಗ್ ಮೇಲೆ ಭಾರ ಬಿದ್ದಾಗ ಸದ್ದು ಏರುತ್ತದೆ, ಭಾರ ಇಳಿದಾಗ ಸದ್ದು ತಗ್ಗುತ್ತದೆ. ಅಂದರೆ ಬಲಕ್ಕೆ ತಿರುಗಿದಾಗ ಜೋರಾದರೆ ಎಡಗಡೆಯದು, ಎಡಕ್ಕೆ ತಿರುಗಿದಾಗ ಜೋರಾದರೆ ಬಲಗಡೆಯದು ಅಂತ ಅಂದಾಜು. ಸಣ್ಣದಾಗಿ ಸ್ಟೇರಿಂಗ್ ಆಡಿಸಿದರೂ ಕೇಳಿಸುತ್ತದೆ. ಜೋರಾಗಿ ಎಳೆದಾಡೋದು ಬೇಡ.

ಗ್ಯಾರೇಜಿನಲ್ಲಿ ಗಾಡಿ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಆಟ, ಅಂದರೆ ಸಡಿಲ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕೀಲು). ಆಮೇಲೆ ಒಂದು ಕೈ ಕಾಯಿಲ್ ಸ್ಪ್ರಿಂಗ್ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿದರೆ ಬೇರಿಂಗ್ ಒರಟಾಗಿರೋದು ಸ್ಪ್ರಿಂಗ್ ಮೂಲಕ ಬೆರಳಿಗೆ ತಿಳಿಯುತ್ತದೆ. ಇದನ್ನು ಕಲಿತ ಹುಡುಗ ತಪ್ಪು ಬೇರಿಂಗ್ ಬಿಚ್ಚೋದಿಲ್ಲ.

ಎಷ್ಟು ಅವಸರ ಅಂತ ಕೇಳಿದಿರಿ. ಬರೀ "ಹೂಂ" ಇದ್ದಾಗ ಈ ವಾರದೊಳಗೆ ಮಾಡಿಸಿ. "ಗರಗರ" ಆಗಿ, ಸ್ಟೇರಿಂಗ್‌ನಲ್ಲಿ ನಡುಕ ಬಂದರೆ ಅಥವಾ ಚಕ್ರದಲ್ಲಿ ಆಟ ಕಂಡರೆ ಗಾಡಿ ಓಡಿಸಲೇಬೇಡಿ. ಇನ್ನೊಂದು ಸೂಚನೆ: ಈಗಿನ ಹಲವು ಗಾಡಿಗಳಲ್ಲಿ, ಜೋರು ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ಗೆ ಚಕ್ರದ ವೇಗ ಹೇಳುವ ಮ್ಯಾಗ್ನೆಟ್ ಬಳೆ ಬೇರಿಂಗ್‌ನಲ್ಲೇ ಇರುತ್ತದೆ. ಸದ್ದಿನ ಜೊತೆ ಎಬಿಎಸ್ ದೀಪವೂ ಬಂದರೆ ಎರಡಕ್ಕೂ ಕಾರಣ ಒಂದೇ ಇರಬಹುದು.

ಮಳೆಹನಿ

ಎರಡನೇ ಪ್ರಶ್ನೆಗೆ ನನ್ನ ಅನುಭವ ಬರೆಯುತ್ತೇನೆ. ಇದನ್ನು ಓದಿ ಒಬ್ಬರು ಎಚ್ಚೆತ್ತರೂ ಸಾಕು.

ಮುಂದಿನ ಚಕ್ರದಿಂದ ತೆಳ್ಳಗೆ "ಕೀಂ..." ಅಂತ ಬರುತ್ತಿತ್ತು. ಬ್ರೇಕ್ ಮೇಲೆ ಕಾಲಿಟ್ಟರೆ ನಿಲ್ಲುತ್ತಿತ್ತು. ಬ್ರೇಕ್ ತುಳಿದರೆ ನಿಲ್ಲುತ್ತಲ್ಲ, ಹಾಗಾದರೆ ಬ್ರೇಕಿನ ತೊಂದರೆ ಅಲ್ಲ ಅಂದುಕೊಂಡೆ. ಮೂರು ವಾರ ಓಡಿಸಿದೆ. ಆಮೇಲೆ ಸದ್ದು ತಾನಾಗೇ ನಿಂತುಹೋಯ್ತು. ಸರಿ ಹೋಯ್ತು ಅಂತ ಖುಷಿಪಟ್ಟೆ. ನಾಲ್ಕು ದಿನ ಬಿಟ್ಟು ಬ್ರೇಕ್ ತುಳಿದಾಗ "ಗರ್ರ್" ಅಂತ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಪೆಡಲ್‌ನಲ್ಲೇ ಅದು ಕಾಲಿಗೆ ಗೊತ್ತಾಗುತ್ತಿತ್ತು.

ಬಿಚ್ಚಿದಾಗ ಬ್ರೇಕ್ ಪ್ಯಾಡ್‌ನಲ್ಲಿ ಉಜ್ಜುವ ಪದಾರ್ಥವೇ ಉಳಿದಿರಲಿಲ್ಲ. ಅದರ ಹಿಂದಿನ ಕಬ್ಬಿಣದ ತಗಡು ನೇರವಾಗಿ, ಚಕ್ರದ ಜೊತೆ ತಿರುಗುವ ಡಿಸ್ಕ್ ಮೇಲೆ ಉಜ್ಜಿ ಗೀರು ಹಾಕಿತ್ತು. ಪ್ಯಾಡ್ ಒಂದೇ ಬದಲಾಯಿಸಿದರೆ ಸಾಕಾಗಿದ್ದದ್ದು ಡಿಸ್ಕ್ ತನಕ ಹೋಯ್ತು. ಅದಕ್ಕಿಂತ ನನ್ನನ್ನು ಕಾಡಿದ್ದು, ಆ ನಾಲ್ಕು ದಿನ ಹಿಂದಿನ ಸೀಟಿನಲ್ಲಿ ಮಕ್ಕಳು ಇದ್ದರು ಅನ್ನೋದು.

ಹಳೇ ಸ್ಪ್ಯಾನರ್

ಮಳೆಹನಿ ಅವರು ಬರೆದದ್ದನ್ನು ಎಲ್ಲರೂ ಇನ್ನೊಂದು ಸಲ ಓದಿ.

ಆ "ಕೀಂ" ಕೆಟ್ಟು ಬರುವ ಸದ್ದಲ್ಲ. ಬೇಕು ಅಂತಲೇ ಇಟ್ಟಿರುವ ಸದ್ದು. ಹಲವು ಪ್ಯಾಡ್‌ಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡ್ ಸುಮಾರು 2ರಿಂದ 3 ಮಿ.ಮೀ.ಗೆ ಸವೆದಾಗ ಆ ನಾಲಿಗೆ ಡಿಸ್ಕ್‌ಗೆ ತಾಗಿ ಕೂಗುತ್ತದೆ. ಬ್ರೇಕ್ ಒತ್ತಿದಾಗ ಅದರ ಮೇಲೆ ಒತ್ತಡ ಬದಲಾಗಿ ಸದ್ದು ನಿಲ್ಲಬಹುದು. ಹಾಗಾಗಿ "ತುಳಿದರೆ ನಿಲ್ಲುತ್ತೆ" ಅನ್ನೋದೇ ಬ್ರೇಕಿನ ಗುರುತು. ಆಮೇಲೆ ಅದೇ ನಾಲಿಗೆ ಸವೆದೋ ಮುರಿದೋ ಹೋದರೆ ಮೌನ. ಆ ಮೌನ ಬಹಳ ಅಪಾಯ. ಕೂಗಿದ ಸದ್ದು ರಿಪೇರಿ ಮಾಡದೆ ನಿಂತರೆ ಸಮಾಧಾನ ಪಡಬೇಡಿ.

ಎಲ್ಲ ಪ್ಯಾಡ್‌ಗೂ ಈ ನಾಲಿಗೆ ಇರಲ್ಲ. ಕೆಲವಕ್ಕೆ ವೈರ್ ಸೆನ್ಸರ್ ಇದ್ದು ದೀಪ ಬರುತ್ತೆ, ಕೆಲವಕ್ಕೆ ಎರಡೂ ಇಲ್ಲ. ಅದಕ್ಕೇ ಸರ್ವೀಸ್ ಆದಾಗಲೆಲ್ಲ ಪ್ಯಾಡ್ ಎಷ್ಟು ಮಿ.ಮೀ. ಉಳಿದಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಹೊಸ ಚಾಲಕ

ನಾನು ಓಡಿಸೋಕೆ ಶುರು ಮಾಡಿ ಎರಡು ತಿಂಗಳು. ಇದನ್ನೆಲ್ಲ ಓದಿ ಹೆದರಿಕೆ ಆಗ್ತಿದೆ. ಬೆಳಿಗ್ಗೆ ಗಾಡಿ ತೆಗೆದಾಗ ಮೊದಲ ಎರಡು ಮೂರು ಬ್ರೇಕ್‌ಗೆ ಸರಸರ ಅಂತ ಉಜ್ಜುವ ಸದ್ದು ಬರುತ್ತೆ. ಮಳೆ ಬಂದ ಮಾರನೇ ದಿನ ಜಾಸ್ತಿ. ಆಮೇಲೆ ಇರಲ್ಲ. ಇದೂ ಅದೇನಾ?

ನಾಲ್ಕು ಚಕ್ರ

ಅಲ್ಲ, ಹೆದರಬೇಡಿ. ಡಿಸ್ಕ್ ಎರಕದ ಕಬ್ಬಿಣ. ರಾತ್ರಿಯ ತೇವಕ್ಕೆ ಮೇಲೆ ತೆಳ್ಳಗೆ ತುಕ್ಕು ಕೂರುತ್ತೆ, ಮೊದಲ ಕೆಲವು ಬ್ರೇಕಿಗೆ ಅಳಿಸಿಹೋಗುತ್ತೆ. ದಿನವಿಡೀ ಉಳಿದರೆ ಮಾತ್ರ ತೋರಿಸಿ.

ಹೀಗೇ ಹೆದರದೇ ಇರಬೇಕಾದ ಸದ್ದುಗಳು ಇನ್ನೂ ಇವೆ. ಗಾಡಿ ಆಫ್ ಮಾಡಿದ ಮೇಲೆ ಅಡಿಯಿಂದ "ಟಿಣ್... ಟಿಣ್" ಅಂತ ಬರೋದು ಬಿಸಿ ಎಕ್ಸಾಸ್ಟ್ (ಹೊಗೆ ಕೊಳವೆ) ತಣ್ಣಗಾಗಿ ಕುಗ್ಗುವ ಸದ್ದು. ಆಫ್ ಆದ ಮೇಲೂ ಫ್ಯಾನ್ ಒಂದೆರಡು ನಿಮಿಷ ತಿರುಗಬಹುದು. ಸ್ಟಾರ್ಟ್ ಮಾಡಿ ಹೊರಟು ಸ್ವಲ್ಪ ವೇಗ ಬಂದ ಕೂಡಲೇ ಒಂದೇ ಸಲ "ಗುರ್ರ್" ಅಂದರೆ ಎಬಿಎಸ್ ತನ್ನನ್ನು ತಾನು ಪರೀಕ್ಷೆ ಮಾಡಿಕೊಳ್ಳುತ್ತಿದೆ. ಜೋರು ಬ್ರೇಕ್ ಹಾಕಿದಾಗ ಪೆಡಲ್ ದಡದಡ ಅಂದರೂ ಎಬಿಎಸ್ಸೇ. ಕಾಲು ತೆಗೆಯಬೇಡಿ, ಒತ್ತಿ ಹಿಡಿಯಿರಿ. ಪೆಟ್ರೋಲ್ ಮುಚ್ಚಳ ತೆಗೆದಾಗ "ಬುಸ್" ಅಂದರೆ ಟ್ಯಾಂಕಿನ ಒತ್ತಡ ಅಷ್ಟೆ.

ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು: ನಿಧಾನವಾಗಿ ಹೋಗುವಾಗ ಕೇಳುವ ಸಣ್ಣ ರಾಗ ನಡೆದು ಹೋಗುವವರಿಗೆ ಗೊತ್ತಾಗಲಿ ಅಂತ ಸ್ಪೀಕರ್‌ನಿಂದ ಬರುವಂಥದ್ದು. ಯುರೋಪಿನಲ್ಲಿ 2021ರಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳಿಗೂ 20 ಕಿ.ಮೀ. ವೇಗದವರೆಗೆ ಇದು ಕಡ್ಡಾಯ.

ದೂರದಾರಿ

ಎಂಜಿನ್ ಸದ್ದಿನ ಬಗ್ಗೆ ಯಾರೂ ಬರೆದಿಲ್ಲ. ನಾನು ಬರೆಯುತ್ತೇನೆ, ಯಾಕಂದ್ರೆ ನನಗೆ ಅದರಲ್ಲಿ ಎಂಜಿನ್ನೇ ಹೋಯ್ತು.

ಹೆದ್ದಾರಿಯಲ್ಲಿ ಹೋಗ್ತಾ ಇದ್ದೆ. ಕೆಂಪು ಆಯಿಲ್ ದೀಪ ಮಿಣುಕಿತು, ಹೋಯ್ತು. ತಿರುವಿನಲ್ಲಿ ಮತ್ತೆ ಬಂತು. ಮುಂದಿನ ಊರು 12 ಕಿ.ಮೀ. ಇತ್ತು, ಅಲ್ಲಿ ನೋಡೋಣ ಅಂತ ಹೋದೆ. ಮೊದಲು "ಟಿಕ್ ಟಿಕ್" ಅಂತ ಸಣ್ಣಗೆ ಶುರುವಾಯ್ತು. ಐದಾರು ನಿಮಿಷಕ್ಕೆ ಅದು "ಟೊಕ್ ಟೊಕ್ ಟೊಕ್" ಅಂತ ಆಳದಿಂದ, ಸುತ್ತಿಗೆಯಲ್ಲಿ ಬಡಿದ ಹಾಗೆ. ಆಕ್ಸಿಲರೇಟರ್ ಒತ್ತಿದಷ್ಟೂ ಬಡಿತ ಜೋರು. ಊರು ಮುಟ್ಟುವ ಮೊದಲೇ ಎಂಜಿನ್ ಸಿಕ್ಕಿಕೊಂಡು ನಿಂತಿತು.

ಆಯಿಲ್ ಸೋರಿ ಮಟ್ಟ ಪೂರ್ತಿ ಇಳಿದಿತ್ತು. ದೀಪ ಬಂದ ಜಾಗದಲ್ಲೇ ನಿಲ್ಲಿಸಿದ್ದರೆ ಎಂಜಿನ್ ಉಳಿಯುತ್ತಿತ್ತು ಅಂತ ಬಿಚ್ಚಿದವರು ಹೇಳಿದರು. 12 ಕಿಲೋಮೀಟರ್ ಅಂದರೆ ಏನು ಮಹಾ ಅನ್ನಿಸಿತ್ತು ನನಗೆ.

ಹಳೇ ಸ್ಪ್ಯಾನರ್

ಇದು ಕೇಳಿ ಬೇಜಾರಾಯ್ತು. ಆದರೂ ಇಷ್ಟು ಬಿಡಿಸಿ ಬರೆದದ್ದಕ್ಕೆ ಕೈ ಮುಗಿಯುತ್ತೇನೆ.

ಎಂಜಿನ್ ಒಳಗೆ ತಿರುಗುವ ದಂಡ ಕ್ರ್ಯಾಂಕಿಗೂ ಅದರ ಬೇರಿಂಗಿಗೂ ನಡುವೆ ಕಬ್ಬಿಣ ಕಬ್ಬಿಣಕ್ಕೆ ತಾಗೋದಿಲ್ಲ. ನಡುವೆ ಆಯಿಲ್‌ನ ತೆಳು ಪದರ ಇರುತ್ತದೆ, ಆ ಪದರದ ಮೇಲೇ ಎಲ್ಲ ತೇಲುತ್ತಿರುತ್ತೆ. ಆಯಿಲ್ ಒತ್ತಡ ಕಮ್ಮಿ ಆದರೆ ಆ ಪದರ ಉಳಿಯಲ್ಲ. ಮೊದಲು ವಾಲ್ವ್ ತಳ್ಳುವ ಮೇಲಿನ ಟ್ಯಾಪೆಟ್ "ಟಿಕ್ ಟಿಕ್" ಅನ್ನುತ್ತೆ, ಆಮೇಲೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕೆಳಗಿನ ಕನೆಕ್ಟಿಂಗ್ ರಾಡ್ "ಟೊಕ್ ಟೊಕ್" ಅನ್ನುತ್ತೆ. ಎರಡನೇ ಸದ್ದು ಕೇಳುವ ಹೊತ್ತಿಗೆ ಬೇರಿಂಗ್ ಸವೆದುಹೋಗಿರುತ್ತೆ. ಕೆಂಪು ಆಯಿಲ್ ದೀಪ ಓಡುವಾಗ ಬಂದರೆ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಮನೆ ಕಾಣಿಸುತ್ತಿದ್ದರೂ ಸರಿ. ಸಮ ನೆಲದಲ್ಲಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿ. ಆಯಿಲ್ ಇಲ್ಲದಿದ್ದರೆ ಹಾಕುವ ತನಕ ಸ್ಟಾರ್ಟ್ ಬೇಡ. ಮಟ್ಟ ಸರಿ ಇದ್ದೂ ದೀಪ ಬಂದರೆ ಗಾಡಿ ಟೋ ಮಾಡಿಸಿ.

ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಟಿಕ್ ಟಿಕ್ ಬಂದು ನಿಂತರೆ ಸಾಮಾನ್ಯವಾಗಿ ಗಾಬರಿ ಬೇಡ. ಆಯಿಲ್ ಮೇಲೇರೋಕೆ ಅಷ್ಟು ಹೊತ್ತು ಹಿಡಿಯುತ್ತೆ. ಅದು ದಿನದಿಂದ ದಿನಕ್ಕೆ ಉದ್ದ ಆದರೆ, ಅಥವಾ ಸರಪಳಿ ಅಲ್ಲಾಡಿದ ಹಾಗೆ "ಕರಕರ" ಅಂದರೆ ಟೈಮಿಂಗ್ ಚೈನ್ (ಕ್ರ್ಯಾಂಕಿಗೆ ಹೊಂದಿಕೊಂಡು ವಾಲ್ವ್ ಆಡಿಸುವ ಸರಪಳಿ), ಅದನ್ನು ಬಿಗಿ ಹಿಡಿಯುವ ಟೆನ್ಷನರ್ ನೋಡಿಸಿ.

ಆ ಚೈನ್ ಬದಲು ಟೈಮಿಂಗ್ *ಬೆಲ್ಟ್* ಇರುವ ಗಾಡಿಯವರು ಸದ್ದಿಗೆ ಕಾಯಲೇಬೇಡಿ. ರಬ್ಬರ್ ಬೆಲ್ಟ್ ಬಹಳ ಸಲ ಏನೂ ಹೇಳದೆ ತುಂಡಾಗುತ್ತೆ. ಹಲವು ಎಂಜಿನ್‌ಗಳಲ್ಲಿ ಅದು ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟು ಕಿ.ಮೀ.ಗೆ, ಎಷ್ಟು ವರ್ಷಕ್ಕೆ ಬದಲಾಯಿಸಿ ಅಂತ ಬರೆದಿದೆಯೋ ಅದರಲ್ಲಿ ಯಾವುದು ಮೊದಲು ಬರುತ್ತೋ ಆಗ ಬದಲಾಯಿಸಿ.

ಹಸಿರುಗದ್ದೆ

ಸ್ಟಾರ್ಟ್ ಮಾಡಿದ ಕೂಡಲೇ "ಕ್ರೀಚ್" ಅಂತ ಜೋರಾಗಿ ಕಿರುಚುತ್ತೆ, ಬಾನೆಟ್ ಒಳಗಿಂದ. ಹತ್ತು ಸೆಕೆಂಡಿಗೆ ನಿಲ್ಲುತ್ತೆ. ಎಸಿ ಹಾಕಿದಾಗ ಇನ್ನೊಂದು ಸಲ. ಇದು ಬೆಲ್ಟ್ ಅಂತ ಗೊತ್ತು. ಎಷ್ಟು ದಿನ ತಡೆಯಬಹುದು?

ನಾಲ್ಕು ಚಕ್ರ

ದಿನ ಲೆಕ್ಕ ಹಾಕೋದು ಬೇಡ, ಈ ವಾರ ತೋರಿಸಿ. ಇದು ಟೈಮಿಂಗ್ ಬೆಲ್ಟ್ ಅಲ್ಲ, ಎಂಜಿನ್ ಹೊರಗಿನದು. ಆ ಒಂದೇ ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತಿರುಗಿಸುತ್ತೆ. ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪ್ ಮತ್ತು ಪವರ್ ಸ್ಟೇರಿಂಗ್ ಕೂಡ ಅದರ ಮೇಲೇ ಇರುತ್ತೆ. ಬೆಲ್ಟ್ ಹೋದರೆ ಬ್ಯಾಟರಿ ದೀಪ ಬರುತ್ತೆ, ಸ್ಟೇರಿಂಗ್ ಗಟ್ಟಿ ಆಗುತ್ತೆ, ಎಂಜಿನ್ ಕಾಯುತ್ತೆ, ಎಲ್ಲ ಒಟ್ಟಿಗೆ. ಬೆಲ್ಟ್ ಜೊತೆ ಟೆನ್ಷನರ್ ಮತ್ತು ಪುಲ್ಲಿ ಬೇರಿಂಗ್ ನೋಡಿಸಿ. ಬೆಲ್ಟ್ ಹೊಸದಾದ ಮೇಲೂ ಕಿರುಚಿದರೆ ತಪ್ಪು ಅಲ್ಲಿರುತ್ತೆ. ಸದ್ದು ಹೋಗಲಿ ಅಂತ ಬೆಲ್ಟ್ ಮೇಲೆ ಎಣ್ಣೆ, ಸೋಪು ಹಚ್ಚಬೇಡಿ.

ಮುಂಜಾವು

ತಿರುವಿನ ಪರೀಕ್ಷೆ ಮಾಡಿದೆ. ತಮ್ಮ ಓಡಿಸಿದ, ನಾನು ಪಕ್ಕ ಕೂತು ಕೇಳಿದೆ. ಎಡಕ್ಕೆ ಬಳಸುವ ಉದ್ದ ತಿರುವಿನಲ್ಲಿ ಸದ್ದು ಚೆನ್ನಾಗಿ ಏರಿತು. ಬಲಕ್ಕೆ ತಿರುಗಿದಾಗ ಹೆಚ್ಚು ಕಮ್ಮಿ ನಿಂತೇ ಹೋಯ್ತು! ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇನೆ. ಅಂದರೆ ಬಲಗಡೆಯದು, ಅಲ್ವಾ ಅಣ್ಣ? ಮುಂದಿನದೋ ಹಿಂದಿನದೋ ತಿಳಿಯಲಿಲ್ಲ.

ಹಳೇ ಸ್ಪ್ಯಾನರ್

ಹೌದಮ್ಮ, ಬಲಗಡೆಯದೇ ಅನ್ನಿಸುತ್ತೆ. ಮುಂದೆ ಹಿಂದೆ ಅನ್ನೋದು ಒಳಗೆ ಕೂತು ಹೇಳೋದು ಕಷ್ಟ, ಸದ್ದು ಬಾಡಿಯಲ್ಲಿ ಹರಿದು ಬರುತ್ತೆ. ಗಾಡಿ ಎತ್ತಿದಾಗ ಗೊತ್ತಾಗುತ್ತೆ. ರೆಕಾರ್ಡ್ ಮಾಡಿದ್ದು ತುಂಬಾ ಒಳ್ಳೆಯದು. ಅದರ ಜೊತೆ ಒಂದು ಚೀಟಿಯಲ್ಲಿ ಬರೆದುಕೊಡಿ: ಯಾವ ವೇಗ, ನ್ಯೂಟ್ರಲ್‌ನಲ್ಲಿ ಏನಾಯ್ತು, ಯಾವ ತಿರುವಿನಲ್ಲಿ ಏರಿತು. "ಸದ್ದು ಬರ್ತಿದೆ" ಅಂದರೆ ಗಮನ ಕೊಡದವರೂ ಈ ಚೀಟಿ ನೋಡಿದರೆ ಗಮನ ಕೊಡುತ್ತಾರೆ.

ಅಮ್ಮನನ್ನು ಕರೆದುಕೊಂಡು ಹೋಗುವ ಮೊದಲೇ ಮಾಡಿಸಿ. ಅಲ್ಲಿಯ ತನಕ ಹೆದ್ದಾರಿ ಬೇಡ.

ಮೂರನೇ ಗೇರ್

ನಾನು ಇನ್ನೊಂದು ಸದ್ದು ಸೇರಿಸುತ್ತೇನೆ, ಯಾಕಂದ್ರೆ ಇದಕ್ಕೆ ಸಿಗುವ ಸಮಯ ತುಂಬಾ ಕಮ್ಮಿ. ಟೈರ್ ಬದಲಾಯಿಸಿ ಎರಡನೇ ದಿನ ಹಿಂದಿನಿಂದ "ಲೊಟ್... ಲೊಟ್..." ಅಂತ ಶುರುವಾಯ್ತು. ನಿಧಾನವಾಗಿ ಹೋಗುವಾಗ ನಿಧಾನ, ಜೋರಾದರೆ ಜೋರು. ಸ್ವಲ್ಪ ಗಾಡಿ ಆಡಿದ ಹಾಗೆ ಅನ್ನಿಸಿತು. ತಕ್ಷಣ ಪಕ್ಕಕ್ಕೆ ಹಾಕಿ ಇಳಿದು ನೋಡಿದೆ. ಚಕ್ರದ ಐದು ನಟ್‌ನಲ್ಲಿ ಎರಡು ಇರಲೇ ಇಲ್ಲ, ಉಳಿದ ಮೂರು ಬೆರಳಲ್ಲಿ ತಿರುಗುತ್ತಿದ್ದವು.

ಚಕ್ರ ಬಿಚ್ಚಿ ಹಾಕಿದ ಮೇಲೆ ಇಂಥ ಸದ್ದು ಬಂದರೆ ಮುಂದಿನ ತಿರುವಿನ ತನಕವೂ ಹೋಗಬೇಡಿ. ಈಗ ನಾನು ಚಕ್ರ ಬಿಚ್ಚಿಸಿದಾಗಲೆಲ್ಲ 50ರಿಂದ 100 ಕಿ.ಮೀ. ಓಡಿದ ಮೇಲೆ ಟಾರ್ಕ್ ವ್ರೆಂಚ್ (ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಸ್ಪ್ಯಾನರ್) ಹಾಕಿ ಮತ್ತೆ ನೋಡಿಸುತ್ತೇನೆ.

ಹಸಿರುಗದ್ದೆ

ಓದಿ ಮೈ ಜುಂ ಅಂತು. ನಾಳೆಯೇ ಬೆಲ್ಟ್‌ಗೆ ಹೋಗುತ್ತೇನೆ, ನಟ್ ಕೂಡ ನೋಡಿಸುತ್ತೇನೆ.

ದೂರದಾರಿ

ಸ್ಟೇರಿಂಗ್ ಫುಲ್ ತಿರುಗಿಸಿ ಹೊರಟಾಗ ಮುಂದಿನ ಚಕ್ರದಲ್ಲಿ "ಕಟ್ ಕಟ್ ಕಟ್" ಬರೋದು ಯಾವುದು? ಈಗಿನ ಗಾಡಿಯಲ್ಲಿ ಅದು ಶುರುವಾಗಿದೆ.

ನಾಲ್ಕು ಚಕ್ರ

ಹೊರಗಿನ ಸಿವಿ ಜಾಯಿಂಟ್, ಅಂದರೆ ಚಕ್ರ ತಿರುಗಿಸಿದಾಗಲೂ ಅದಕ್ಕೆ ಎಂಜಿನ್ ಬಲ ಮುಟ್ಟಿಸುವ ಕೀಲು. ಚಕ್ರದ ಒಳಬದಿ, ರಿಮ್ ಮೇಲೆ ಗ್ರೀಸ್ ಎರಚಿದೆಯಾ ನೋಡಿ. ರಬ್ಬರ್ ಬೂಟ್ ಹರಿದು ಗ್ರೀಸ್ ಹೋಗಿ, ಧೂಳು ನೀರು ಒಳಗೆ ಸೇರಿ ಗುಂಡುಗಳು ಸವೆಯುತ್ತವೆ. ಬೂಟ್ ಹರಿದಾಗಲೇ ಕಂಡರೆ ಬೂಟ್ ಮತ್ತು ಗ್ರೀಸಿನಲ್ಲಿ ಮುಗಿಯುತ್ತೆ. ಕಟ್ ಕಟ್ ಶುರುವಾದರೆ ಜಾಯಿಂಟೇ ಬದಲಾಯಿಸಬೇಕು. ಇವತ್ತೇ ಮುರಿಯಲ್ಲ, ಆದರೆ ಪೂರ್ತಿ ಹೋದರೆ ಎಂಜಿನ್ ತಿರುಗಿದರೂ ಗಾಡಿ ಮುಂದೆ ಹೋಗಲ್ಲ.

ಗುಂಡಿಯಲ್ಲಿ "ಧಡ್" ಅನ್ನುವ ಸದ್ದನ್ನು ಜನ ಮಾಮೂಲಿ ಅಂತ ಬಿಡುತ್ತಾರೆ. ಬಹಳ ಸಲ ಅದು ಸಸ್ಪೆನ್ಷನ್ನಿನ ಸಣ್ಣ ಭಾಗಗಳಾದ ಸ್ಟೆಬಿಲೈಸರ್ ಲಿಂಕ್ ಅಥವಾ ಬುಷ್, ಅಷ್ಟು ಅಪಾಯ ಇಲ್ಲ. ಆದರೆ ಬಾಲ್ ಜಾಯಿಂಟ್ ಆಗಿದ್ದರೆ ಅದು ಕಳಚಿದ ದಿನ ಚಕ್ರ ಹೊರಗೆ ಮಡಚಿಕೊಳ್ಳುತ್ತೆ. ಹೊರಗಿನಿಂದ ಕೇಳಿ ಎರಡನ್ನೂ ಬೇರೆ ಮಾಡೋಕೆ ಆಗಲ್ಲ. ಅದಕ್ಕೇ ಎತ್ತಿ ನೋಡಿಸಿ ಅನ್ನೋದು.

ಮಳೆಹನಿ

ಎಕ್ಸಾಸ್ಟ್ ಬಗ್ಗೆಯೂ ಹೇಳಿ ಅಣ್ಣ. ನಮ್ಮ ಪಕ್ಕದ ಮನೆಯವರ ಗಾಡಿ ಈಚೆಗೆ ಟ್ರ್ಯಾಕ್ಟರ್ ಹಾಗೆ ಸದ್ದು ಮಾಡುತ್ತೆ. ಬರೀ ಸದ್ದು ತಾನೆ ಅಂತಾರೆ ಅವರು.

ಹಳೇ ಸ್ಪ್ಯಾನರ್

ಬರೀ ಸದ್ದಲ್ಲ. ಅವರಿಗೆ ಇವತ್ತೇ ಹೇಳಿ.

ಸದ್ದು ಹೊರಬರುವ ತೂತಿನಿಂದ ಹೊಗೆಯೂ ಹೊರಬರುತ್ತೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತೆ. ತೂತು ಮುಂದೆ, ಮ್ಯಾನಿಫೋಲ್ಡ್ (ಎಂಜಿನ್‌ಗೆ ಸೇರುವ ಹೊಗೆ ಕೊಳವೆಯ ಬುಡ) ಹತ್ತಿರ ಅಥವಾ ಸೀಟಿನ ಅಡಿ ಇದ್ದರೆ ಹೊಗೆ ಕ್ಯಾಬಿನ್ ಒಳಗೆ ಬರಬಹುದು. ಗಾಡಿಯಲ್ಲಿ ಕೂತಾಗ ತಲೆನೋವು, ವಾಕರಿಕೆ, ಮಂಪರು ಬಂದು, ಇಳಿದು ಗಾಳಿಗೆ ನಿಂತಾಗ ಸರಿ ಹೋದರೆ ಆ ಗಾಡಿಯನ್ನು ಮತ್ತೆ ಹತ್ತಬೇಡಿ. ಸರಿ ಹೋಗದಿದ್ದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ, ಗಾಡಿಯ ಹೊಗೆಯ ಅನುಮಾನ ಇದೆ ಅಂತ ಬಾಯಿಬಿಟ್ಟು ಹೇಳಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಆನ್ ಇಟ್ಟು ಸದ್ದು ಹುಡುಕೋದು ಬೇಡ, ಗಾಡಿ ಒಳ್ಳೇದಿದ್ದರೂ ಬೇಡ.

ಐಡಲ್‌ನಲ್ಲಿ ಮಾತ್ರ ಅಡಿಯಿಂದ ತಗಡು ಅಲ್ಲಾಡಿದ ಹಾಗೆ "ಜರ್ರ್" ಅಂದರೆ ಅದು ಬೇರೆ. ಹೀಟ್ ಶೀಲ್ಡ್ ಸ್ಕ್ರೂ ಸಡಿಲ ಆಗಿರುತ್ತೆ. ಬಿಗಿ ಮಾಡಿದರೆ ಮುಗಿಯಿತು. ಕಿತ್ತು ಬಿಸಾಡಬೇಡಿ, ಬಿಸಿ ತಡೆಯೋಕೆ ಇಟ್ಟಿದ್ದು ಅದು.

ಬಾನೆಟ್‌ನಿಂದ "ಬುಸ್ಸ್" ಅಂತ ಬಂದು, ಬಿಸಿಯ ಮುಳ್ಳು ಮೇಲೆ ಹೋದರೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗೆ ಒತ್ತಡ ಇರೋದರಿಂದ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಬಿದ್ದು ಒಮ್ಮೆಗೇ ಕುದ್ದು ಮುಖಕ್ಕೆ ಹಾರುತ್ತೆ. ನನ್ನ ಜೊತೆ ಕೆಲಸಕ್ಕಿದ್ದ ಹುಡುಗನ ಕೈ ಸುಟ್ಟಿದ್ದು ಹಾಗೇ. ಅರ್ಧ ಗಂಟೆಗಿಂತ ಜಾಸ್ತಿ ಬಿಡಿ, ಕೈ ಇಟ್ಟರೆ ಸುಡದಷ್ಟು ತಣ್ಣಗಾಗಲಿ.

ಹೊಸ ಚಾಲಕ

ನಾನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಅಲ್ಲೇ ನಿಲ್ಲಿಸಬೇಕಾದದ್ದು: ಆಯಿಲ್ ದೀಪ ಮತ್ತು ಬಡಿತ, ಬ್ರೇಕಿನಲ್ಲಿ ಗರಗರ, ಚಕ್ರದಲ್ಲಿ ಲೊಟ ಲೊಟ, ಬುಸ್ ಅಂತ ಬಂದು ಗಾಡಿ ಕಾಯೋದು. ಸರಿನಾ?

ಹಳೇ ಸ್ಪ್ಯಾನರ್

ಸರಿ. ಅದಕ್ಕೆ ಇನ್ನೊಂದು ಸೇರಿಸಿಕೊಳ್ಳಿ. ಓಡುವಾಗ ಟೈರಿನಿಂದ "ಫಟ ಫಟ" ಅಥವಾ "ದಬ್ ದಬ್" ಅಂದರೆ ಇಳಿದು ನೋಡಿ. ಪಕ್ಕದಲ್ಲಿ ಊದಿದ್ದರೆ ಅಥವಾ ರಬ್ಬರ್ ಎದ್ದಿದ್ದರೆ ಸ್ಟೆಪ್ನಿ ಹಾಕಿ. ಬರೀ "ಟಿಕ್ ಟಿಕ್" ಅಂದರೆ ಕಲ್ಲೋ ಮೊಳೆಯೋ ಸಿಕ್ಕಿರುತ್ತೆ. ಮೊಳೆ ಕಂಡರೆ ಅಲ್ಲೇ ಕೀಳಬೇಡಿ, ಗಾಳಿ ಪೂರ್ತಿ ಹೋದೀತು. ಗಾಳಿ ನಿಂತಿದ್ದರೆ ಹತ್ತಿರದ ಪಂಕ್ಚರ್ ಅಂಗಡಿಗೆ ನಿಧಾನವಾಗಿ ಹೋಗಿ, ಇಳಿದಿದ್ದರೆ ಸ್ಟೆಪ್ನಿ.

ಬಾನೆಟ್ ತೆಗೆದು ಕೇಳುವಾಗ ದುಪಟ್ಟಾ, ಟವೆಲ್, ಸಡಿಲ ತೋಳು, ಬಿಟ್ಟ ಕೂದಲು ಬೆಲ್ಟ್ ಹತ್ತಿರ ಬೇಡ. ಫ್ಯಾನ್ ಯಾವಾಗ ಬೇಕಾದರೂ ತಿರುಗುತ್ತೆ. ಜಾಕ್ ಒಂದನ್ನೇ ನಂಬಿ ಗಾಡಿಯ ಅಡಿ ಹೋಗಬೇಡಿ.

ಮುಂಜಾವು

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಬೇರೆ ಗ್ಯಾರೇಜಿಗೆ ಹೋದೆ. ಚೀಟಿ ಕೊಟ್ಟೆ, ರೆಕಾರ್ಡ್ ಕೇಳಿಸಿದೆ. ಅಲ್ಲಿಯ ಹುಡುಗ ಜೊತೆಗೆ ಬಂದು ಒಂದು ಸುತ್ತು ಓಡಿಸಿ ನೋಡಿದ. ಗಾಡಿ ಎತ್ತಿ ಸ್ಪ್ರಿಂಗ್ ಮೇಲೆ ಕೈ ಇಟ್ಟು ಚಕ್ರ ತಿರುಗಿಸಿದ, ನನಗೂ ಇಟ್ಟು ನೋಡಲು ಹೇಳಿದ. ಮರಳಿನ ಮೇಲೆ ಉರುಳಿದ ಹಾಗೆ ಬೆರಳಿಗೆ ತಾಗಿತು. ಮುಂದಿನ ಬಲ ಬೇರಿಂಗ್. ಎಡಗಡೆ ಇಟ್ಟು ನೋಡಿದರೆ ಏನೂ ಇಲ್ಲ, ನುಣುಪು.

ಬಿಚ್ಚಿದ ಬೇರಿಂಗ್ ತೋರಿಸಿದರು. ಒಂದು ಕಡೆ ಸೀಲ್ ಹೋಗಿ ಗ್ರೀಸ್ ಕೆಂಪಗಾಗಿತ್ತು, ಒಳಗೆ ನೀರು ಹೋಗಿದೆ ಅಂದರು. ಹೊಸದು ಹಾಕಿದ್ದಾರೆ. ಬರುವಾಗ 70ರಲ್ಲಿ ಬಂದೆ, ಗಾಡಿ ಎಷ್ಟು ಶಾಂತ ಇದೆ ಅಂದರೆ ಅಮ್ಮ ನಿದ್ದೆ ಮಾಡಿದರು.

ಹಳೇ ಸ್ಪ್ಯಾನರ್

ಬಹಳ ಸಂತೋಷ ತಂಗಿ. ಚಕ್ರದ ನಡುವೆ ಬಿಗಿಯುವ ದೊಡ್ಡ ಹಬ್ ನಟ್ ಹೊಸದು ಹಾಕಿದರಾ ಕೇಳಿದಿರಾ? ಹಲವು ಗಾಡಿಗಳಲ್ಲಿ ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಬಾರದು. ಚಕ್ರದ ನಟ್‌ಗಳನ್ನೂ 50 ಕಿ.ಮೀ. ಆದ ಮೇಲೆ ಒಮ್ಮೆ ಬಿಗಿ ನೋಡಿಸಿ.

ಮುಂಜಾವು

ಹಬ್ ನಟ್ ಹೊಸದೇ ಅಣ್ಣ, ಹಳೆಯದನ್ನು ಕೈಗೆ ಕೊಟ್ಟಿದ್ದಾರೆ. ಮೂರನೇ ಗೇರ್ ಅವರು ಬರೆದದ್ದು ನೆನಪಿತ್ತು, ಗುರುವಾರ ಅಮ್ಮನನ್ನು ಬಿಟ್ಟು ಬರುವಾಗ ಚಕ್ರದ ನಟ್ ನೋಡಿಸಿಕೊಂಡು ಬರುತ್ತೇನೆ.